ಹುಲ್ಲಿನೊಳಗಿನ ಊರು

೨೮ ಜೂನ್ ೧೯೫೯, ಭಾನುವಾರ

ಮೇ ತಿಂಗಳಿಂದ ಒಂದು ಹನಿ ಬಿದ್ದಿಲ್ಲ. ಅಟ್ಟದಲ್ಲಿ ಸಾಲಾಗಿಟ್ಟ ಬಕೆಟ್ಟುಗಳು, ಬೋಗುಣಿಗಳು, ಅಜ್ಜಿಯ ಕಾಲದ ಬೆಳ್ಳಿಯ ಸೂಪು ಪಾತ್ರೆ ಎಲ್ಲವೂ ಒಣಗಿ ಕೂತಿವೆ. ನನಗೆ ಬುದ್ಧಿ ಬಂದಾಗಿನಿಂದ ಈ ಮನೆಯ ಸೂರು ಸೋರದ ಬೇಸಿಗೆ ಇದೇ ಮೊದಲು. "ದೇವ್ರು ಕಣ್ಬಿಟ್ಟ ಅಮ್ಮಾವ್ರೆ" ಎಂದಳು ಅಡುಗೆಯ ಡೆಲಿಯಾ. ಕಣ್ಣು ಬಿಟ್ಟಿದ್ದಲ್ಲ, ಕೊಂಚ ನಿದ್ದೆ ಹೋಗಿದ್ದಾನೆ. ಚಳಿಗಾಲಕ್ಕೆ ಎದ್ದೇ ಏಳುತ್ತಾನೆ.

ಅಷ್ಟರೊಳಗೆ ಸೂರು ರಿಪೇರಿಯಾಗಬೇಕು. ತೀರಿಹೋದ ನನ್ನ ಅಣ್ಣನ ಮಗ ಮೈಲ್ಸ್ ಅದಕ್ಕೆಂದೇ ಡಬ್ಲಿನ್‌ನಿಂದ ಬಂದಿದ್ದ. ಆಸ್ತಿ ಮಾರಿಸುವುದು ಅವನ ಕಸುಬು. ಊಟಕ್ಕೆ ಕೂತಾಗಲೂ ಗೋಡೆಗಳಿಗೆ ಬೆಲೆ ಕಟ್ಟುತ್ತಿರುತ್ತಾನೆ. ಪೆವೆರಿಲ್ ವಂಶದ ಜಮೀನಿನಲ್ಲಿ ಇನ್ನು ಉಳಿದಿರುವುದು ಮುಂಬಾಗಿಲಿನಿಂದ ಸರೋವರದವರೆಗಿನ ಹುಲ್ಲುಹಾಸು ಒಂದೇ. ಪಕ್ಕದ ಜಿಲ್ಲೆಯ ಹ್ಯಾಕೆಟ್ ಎಂಬಾತ ಅದನ್ನು ಕೊಂಡು, ಆಳವಾಗಿ ಉತ್ತು, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಬೆಳೆಯುತ್ತಾನಂತೆ.

"ಹುಲ್ಲು ತಿಂದು ಬದುಕೋಕಾಗಲ್ಲ ಅತ್ತೆ. ಹುಲ್ಲು ಬೇಕಾ, ಸೂರು ಬೇಕಾ? ಒಂದು ಹೇಳಿ."

"ಸೂರು" ಎಂದೆ. ಹಾಸಿಗೆಯ ಮೇಲೆ ಕೊಡೆ ಬಿಚ್ಚಿಕೊಂಡು ಮಲಗಿದ್ದು ಸಾಕಾಗಿದೆ. ಸೆಪ್ಟೆಂಬರಿನಲ್ಲಿ ರುಜು ಹಾಕುವುದು ಎಂದಾಯಿತು.

ಹುಲ್ಲುಹಾಸು ಹೋದರೆ ಯೇಸುವಿನ ತಾಯಿ ಮರಿಯಮ್ಮನ ಹಬ್ಬದ ಚಹಾವೂ ಹೋಗುತ್ತದೆ, ಅದೊಂದು ಬೇಸರ. ಆಗಸ್ಟ್ ಹದಿನೈದಕ್ಕೆ ಊರಿಗೆ ಊರೇ ನಮ್ಮ ಹುಲ್ಲಿನ ಮೇಲೆ ಕೂತು ಚಹಾ ಕುಡಿಯುವುದು, ಆಳುಗಳಲ್ಲ, ನಾವೇ ಕೈಯಾರೆ ಬಗ್ಗಿಸಿ ಕೊಡುವುದು, ತಲೆತಲಾಂತರದ ಪದ್ಧತಿ. "ವರ್ಷಕ್ಕೊಂದು ದಿನ ದೊಡ್ಡವರು ಸೊಂಟ ಬಗ್ಗಿಸಬೇಕು" ಎನ್ನುತ್ತಿದ್ದರು ಅಪ್ಪ. ನಮ್ಮ ವಂಶದ ಹಿರಿಯ ಸರ್ ಆಂಬ್ರೋಸ್ ಬರಿಯ ಜೌಗುನೆಲದ ಮೇಲೆ ಅಗಲ ಬೀದಿ ಹಾಕಿ, ಕಲ್ಲಿನ ಮನೆ ಕಟ್ಟಿಸಿ, ಪೆವೆರಿಲ್‌ಟೌನ್ ಎಂದು ಹೆಸರಿಟ್ಟು ಈ ಜನಕ್ಕೆ ಒಂದು ಊರನ್ನೇ ಕೊಟ್ಟ. ಅದರ ಮುಂದೆ ಒಂದು ಲೋಟ ಚಹಾ ಯಾವ ಮಹಾ. ಈ ವರ್ಷದ್ದೇ ಕಡೆಯದು ಎಂದು ಮೈಲ್ಸ್ ಊರಿನ ಕ್ಯಾಥೊಲಿಕರ ಚರ್ಚಿನ ಗೇಟಿಗೆ ಚೀಟಿ ಅಂಟಿಸಿ ರೈಲು ಹತ್ತಿದ.

೨ ಜುಲೈ

ಇವತ್ತಿನ ಸಂತೋಷ ಹೇಳಲಾರೆ! ಹಂಚು ಹೊದಿಸುವವನಿಗೆ ಸೂರು ತೋರಿಸಲು ಮೇಲೆ ಹತ್ತಿದ್ದೆ. ಅಂಚಿನ ಮೋಟುಗೋಡೆ ಹಿಡಿದು ಕೆಳಗೆ ನೋಡಿದರೆ ಹುಲ್ಲುಹಾಸಿನ ತುಂಬ ಹಳದಿ ಗೆರೆಗಳು. ನಡುವೆ ಉದ್ದಕ್ಕೆ ಒಂದು ಹಾದಿ, ಎರಡೂ ಪಕ್ಕ ಅಚ್ಚುಕಟ್ಟಾದ ಚೌಕಗಳು. ಗೆರೆಯ ಮೇಲಿನ ಹುಲ್ಲು ಮಾತ್ರ ಸುಟ್ಟು ಒಣಗಿದೆ, ಉಳಿದೆಡೆ ಇನ್ನೂ ಜೀವವಿದೆ. ಅಡಿಯಲ್ಲಿ ಕಲ್ಲಿದ್ದರೆ ಮೇಲೆ ಮಣ್ಣು ತೆಳು, ಬರಗಾಲದಲ್ಲಿ ಮೊದಲು ಅದೇ ಒಣಗುವುದು ಎಂದ ಹಂಚಿನವ.

ಸರ್ ಆಂಬ್ರೋಸನ ಹೂದೋಟ! ಮತ್ತೇನಿದ್ದೀತು? ಫ್ರಾನ್ಸಿನ ಅರಮನೆಗಳಲ್ಲಿ ಇರುವಂಥದ್ದು. ಕಲ್ಲಿನ ಕಟ್ಟೆಗಳ ನಡುವೆ ಗುಲಾಬಿ, ಲ್ಯಾವೆಂಡರ್. ಮೈಲ್ಸ್‌ಗೆ ಟೆಲಿಫೋನ್ ಮಾಡಿದೆ. "ಚರಂಡಿ ಇರ್ಬೇಕು ಅತ್ತೆ" ಎಂದ. ಆ ಹುಡುಗನಿಗೆ ಚರಂಡಿಯಾಚೆ ಯೋಚನೆಯೇ ಹೋಗುವುದಿಲ್ಲ. ಡೆಲಿಯಾಳನ್ನು ನೋಡಲು ಕರೆದರೆ ಮಂಡಿ ನೋವು, ಏಣಿ ಹತ್ತಲಾರೆ ಎಂದಳು. ನಿನ್ನೆ ತಾನೇ ಸೇಬಿನ ಮರ ಹತ್ತಿದ್ದಳು.

೮ ಜುಲೈ, ಬುಧವಾರ

ಔಷಧದಂಗಡಿಯ ಯೂನಾ ಗ್ಯಾಫ್ನಿ ಎಂದಿನಂತೆ ಇಸ್ಪೀಟಿಗೆ ಬಂದಳು. ನಮ್ಮಿಬ್ಬರ ಬುಧವಾರ ಯುದ್ಧದ ಕಾಲದಲ್ಲೂ ತಪ್ಪಿರಲಿಲ್ಲ. ಅವಳು ಎಲೆ ಕದಿಯುತ್ತಾಳೆ, ನಾನು ನೋಡಿಯೂ ನೋಡದಂತೆ ಇರುತ್ತೇನೆ; ಈ ಊರಿನಲ್ಲಿ ನನ್ನನ್ನು ಬರಿಯ 'ಲೆಟ್ಟಿ' ಎಂದು ಕರೆಯುವವಳು ಅವಳೊಬ್ಬಳೇ.

ಆಟ ಬಿಟ್ಟು ಅವಳನ್ನು ಸೂರಿನ ಮೇಲೆ ಎಳೆದುಕೊಂಡು ಹೋದೆ. "ನೋಡೇ, ಅದು ಗುಲಾಬಿ ಮಡಿ, ಅದು ಕಾರಂಜಿ ಇದ್ದಿರಬೇಕು" ಎಂದು ಬೆರಳು ಮಾಡಿ ತೋರಿಸಿದೆ. ಯೂನಾ ಮೋಟುಗೋಡೆ ಹಿಡಿದು ನಿಂತೇ ಇದ್ದಳು. ಆಮೇಲೆ "ತಲೆ ಸುತ್ತುತ್ತಿದೆ ಕಣೇ, ಇಳೀತೀನಿ" ಎಂದಳು. ಕೆಳಗೆ ಬಂದ ಮೇಲೆ ಎಲೆ ಕದಿಯಲೂ ಇಲ್ಲ. ಮೂರು ಆಟ ಸತತ ಗೆದ್ದೆ. ಎತ್ತರ ಅವಳಿಗೆ ಆಗಿಬರುವುದಿಲ್ಲವೆಂದು ಕಾಣುತ್ತದೆ.

೧೫ ಆಗಸ್ಟ್, ಶನಿವಾರ

ಏನು ಬರೆಯಲಿ.

ಹೂದೋಟದ ಗೆರೆಗಳ ನಡುವೆ ಊರಿನವರು ಓಡಾಡುವುದನ್ನು ಒಮ್ಮೆ ಮೇಲಿನಿಂದ ನೋಡಿ ಆಮೇಲೆ ಚಹಾ ಬಗ್ಗಿಸಲು ಇಳಿಯೋಣವೆಂದು ಹತ್ತಿದ್ದೆ. ಗಾಳಿಯಿರಲಿಲ್ಲ, ಕೆಳಗಿನ ಮಾತೆಲ್ಲ ಮೇಲಕ್ಕೆ ಕೇಳುತ್ತಿತ್ತು. ಗೇಟು ತೆರೆದರು. ಜನ ಬಂದರು. ನಡುವಿನ ಹಾದಿಯಲ್ಲೇ ಬಂದರು, ಒಬ್ಬರೂ ಅಡ್ಡ ಹಾಯಲಿಲ್ಲ. ಬಡಗಿ ಫೆಸ್ಟಿ ಗೆರಟಿಯ ಮನೆಯವರು ಎಡಗಡೆಯ ಮೂರನೆಯ ಚೌಕದ ಬಳಿ ತಿರುಗಿ, ಗೆರೆ ತುಂಡಾದ ಜಾಗದಲ್ಲಿ ಒಬ್ಬರ ಹಿಂದೆ ಒಬ್ಬರು ಒಳಹೊಕ್ಕು ಮೂಲೆಯಲ್ಲಿ ಕೂತರು. ಅವರು ಯಾವಾಗಲೂ ಅಲ್ಲೇ ಕೂರುತ್ತಾರೆ. ನೆರಳಿಲ್ಲದ ಆ ಬಿಸಿಲಲ್ಲಿ ಯಾಕೆ ಬೇಯುತ್ತಾರೋ ಎಂದು ಅಮ್ಮ ನಗುತ್ತಿದ್ದಳು. ಅವರ ಮೊಮ್ಮಗಳು, ಕೆಂಪು ಕೂದಲಿನದು, ಚೆಂಡಿನ ಹಿಂದೆ ಓಡಿಬಂದು ಗೆರೆ ದಾಟಿತು. ತಾಯಿ ಅದರ ಕಿವಿ ಹಿಡಿದಳು.

"ಗೋಡೆ ತೂರ್ಕೊಂಡು ಬರ್ತೀಯೇನೇ, ದೆವ್ವ! ಬಾಗಿಲಲ್ಲಿ ಬಾ!"

ಮಗು ಅಳುತ್ತ ಸುತ್ತಿ ಬಂದು ಬಾಗಿಲಿನಿಂದ ಒಳಗೆ ಬಂತು. ಬಾಗಿಲು ಎಂದು ಬರೆದೆ. ಬೇರೆ ಏನೆಂದು ಬರೆಯಲಿ?

ಆಮೇಲೆ ಎಲ್ಲವೂ ಒಮ್ಮೆಗೇ ಕಂಡಿತು. ಒಂದೊಂದು ಚೌಕದಲ್ಲಿ ಒಂದೊಂದು ಮನೆತನ. ಯೂನಾ ಬಂದಳು. ಒಳಗೆ ಕಾಲಿಡುವ ಮುಂಚೆ ಹೊರಗಿನ ಹುಲ್ಲಿಗೆ ಬೂಟು ಒರೆಸಿಕೊಂಡಳು. ಫೆಸ್ಟಿ ಅವಳನ್ನು ಮಾತಾಡಿಸಲು ಹೋದವನು ಗೆರೆ ತುಂಡಾದಲ್ಲೇ ನಿಂತು, ಟೋಪಿ ತೆಗೆದು, "ಈ ಮನೇಲಿ ಇರೋರ್ಗೆಲ್ಲ ದೇವ್ರು ಒಳ್ಳೇದು ಮಾಡ್ಲಿ" ಎಂದ. ಆ ಮಾತನ್ನು ಚಿಕ್ಕಂದಿನಿಂದ ಪ್ರತಿ ವರ್ಷ ಈ ಹುಲ್ಲಿನ ಮೇಲೆ ಕೇಳಿದ್ದೇನೆ. ಹಬ್ಬದ ದಿನದ ಭಕ್ತಿ ಎಂದುಕೊಂಡಿದ್ದೆ.

ನಾವು ಬರುವ ಮುಂಚೆ ಇಲ್ಲಿ ಜೌಗು ಇತ್ತು. ಅಪ್ಪ ಹಾಗೇ ಹೇಳಿದ್ದು, ಅಜ್ಜನೂ ಹಾಗೇ ಹೇಳಿದ್ದು. ಇದು ಜೌಗಲ್ಲ. ಇದು ಬೀದಿ.

ಒಂದು ಚೌಕದಲ್ಲಿ ಮಾತ್ರ ಯಾರೂ ಇರಲಿಲ್ಲ. ನಟ್ಟನಡುವಿನ ದೊಡ್ಡ ಚೌಕ. ಅಲ್ಲಿ ನಮ್ಮ ಚಹಾದ ಮೇಜು, ಬಿಳಿಯ ಬಟ್ಟೆ ಹೊದ್ದುಕೊಂಡು ನಿಂತಿತ್ತು.

ಇಳಿದು ಹೋಗಿ ಚಹಾ ಬಗ್ಗಿಸಿದೆ. ಬಗ್ಗಿಸದೆ ಇರಲಾದೀತೆ? ಯಾರ ಮುಖವನ್ನೂ ನೋಡಲಿಲ್ಲ. ಫೆಸ್ಟಿಯ ಲೋಟ ತುಂಬಿ ಅವನ ಕೈ ಮೇಲೆ ಹರಿಯಿತು. "ಪರ್ವಾಗಿಲ್ಲ ಅಮ್ಮಾವ್ರೆ, ಬಿಸಿಯೇನಿಲ್ಲ" ಎಂದ. ಹೊಗೆಯಾಡುತ್ತಿತ್ತು ಚಹಾ.

೧೬ ಆಗಸ್ಟ್

ಚರ್ಚಿಗೆ ಹೋಗಲಿಲ್ಲ. ಊಟ ಬೇಡವೆಂದೆ. ಡೆಲಿಯಾ ತಟ್ಟೆ ಎತ್ತಿಕೊಂಡು ಹೋದಳು.

೧೯ ಆಗಸ್ಟ್, ಬುಧವಾರ

ಯೂನಾ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದಳು. ಕೂತು ಎಲೆ ಕಲೆಸಿದಳು. ನಾನು ಅವಳ ಕೈ ಹಿಡಿದೆ.

"ಅದು ಹೂದೋಟ ಅಲ್ಲ."

"ಅಲ್ಲ ಕಣೇ."

"ನಿಂಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಮ್ಮಮ್ಮ ಕೈ ಹಿಡ್ಕೊಂಡು ಹೋಗಿ ತೋರಿಸಿದ್ಲು. ಇಲ್ಲಿ ಒಲೆ, ಇಲ್ಲಿ ಅಜ್ಜಿ ಮಂಚ, ಇಲ್ಲಿ ಹಂದಿ ಕಟ್ತಿದ್ದಿದ್ದು ಅಂತ. ಅವಳಿಗೆ ಅವಳಮ್ಮ ತೋರಿಸಿದ್ದು. ನಿಮ್ಮ ಸರ್ ಆಂಬ್ರೋಸ್‌ಗೆ ದಿವಾನಖಾನೆ ಕಿಟಕೀಲಿ ಸರೋವರ ಕಾಣ್ಬೇಕಿತ್ತು. ಮಧ್ಯ ನಮ್ಮೂರು ಅಡ್ಡ ಇತ್ತು."

"ಅದಕ್ಕೆ?"

"ಅದಕ್ಕೆ ಸೂರು ಕೀಳಿಸಿದ. ಗೋಡೆ ಕಲ್ಲನ್ನ ಅವರವರ ಬೆನ್ನ ಮೇಲೇ ಹೊರಿಸಿ ಗೇಟಿನಾಚೆ ಹೊಸ ಬೀದಿ ಕಟ್ಟಿಸಿದ. ನನ್ನ ಅಂಗಡಿ ಗೋಡೆ ಇದೆಯಲ್ಲ, ಇಲ್ಲಿಂದ ಹೋದ ಕಲ್ಲೇ ಅದು."

ಕಿಟಕಿಯಾಚೆ ಸರೋವರ ಹೊಳೆಯುತ್ತಿತ್ತು. ಎದ್ದು ಪರದೆ ಎಳೆದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೆ.

"ಇಷ್ಟು ವರ್ಷ ನನ್ನ ಜೊತೆ ಇಸ್ಪೀಟಾಡಿದೀಯ. ಒಂದ್ಸಲ ಹೇಳ್ಬಾರ್ದಿತ್ತಾ ಯೂನಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಏನಂತ ಹೇಳ್ಲಿ? ನಿಂಗೆ ಗೊತ್ತು ಅಂತಾನೇ ಎಲ್ಲರೂ ತಿಳ್ಕೊಂಡಿದ್ವಿ. ತಪ್ಪಾಯ್ತು ಅನ್ನೋಕೆ ದೊಡ್ಡಮನೆಯವ್ರಿಗೆ ನಾಲಿಗೆ ಏಳಲ್ಲ, ಅದಕ್ಕೇ ವರ್ಷಕ್ಕೊಂದ್ಸಲ ಸೊಂಟ ಬಗ್ಗಿಸಿ ತಾವೇ ಚಹಾ ಕೊಡ್ತಾರೆ, ಅದೇ ಅವರ ಕ್ಷಮಾಪಣೆ, ಕುಡಿದು ಸುಮ್ಮನಿರಿ ಅಂತ ನಮ್ಮ ಹಿರೀಕರು ಹೇಳ್ತಿದ್ರು. ಕುಡಿದು ಸುಮ್ಮನಿದ್ವಿ."

"ನಾವು ಅದನ್ನ ಔದಾರ್ಯ ಅಂದ್ಕೊಂಡಿದ್ವಿ" ಎಂದೆ.

ಯೂನಾ ನಕ್ಕಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ಎಲ್ಲೋ ನಿಂತುಹೋಗಿ ಬರಿಯ ನೀರು ಉಳಿಯಿತು. ಇಷ್ಟು ತಲೆಮಾರು ಒಂದೇ ಲೋಟ ಆಚೆಯಿಂದ ಈಚೆಗೆ ಹೋಗಿದೆ, ಕೊಟ್ಟವರು ಕೊಟ್ಟಿದ್ದು ಒಂದು, ತೆಗೆದುಕೊಂಡವರು ತೆಗೆದುಕೊಂಡಿದ್ದು ಇನ್ನೊಂದು.

"ಹಾಗಾದ್ರೆ ಚರ್ಚ್ ಗೇಟಿನ ಚೀಟಿ ನೋಡಿದಾಗ?"

"ನಿಮ್ಮ ಪಾಲಿಗೆ ಆ ಕ್ಷಮಾಪಣೆ ಮುಗೀತು ಅಂತ ಅಂದ್ಕೊಂಡ್ವಿ. ಫೆಸ್ಟಿ ಅವತ್ತಿಡೀ ಯಾರ ಹತ್ರಾನೂ ಮಾತಾಡ್ಲಿಲ್ಲ."

ನಡುವಿನ ಖಾಲಿ ಚೌಕದ ವಿಷಯ ಕೇಳಬಾರದಿತ್ತು, ಕೇಳಿದೆ. ಅದು ಶಾನ್ಲಿಯವರ ಮನೆಯಂತೆ. ಸೂರು ಕಿತ್ತ ಮೇಲೂ ಆ ಮನೆಯ ಮುದುಕಿ ಒಲೆ ಬಿಟ್ಟು ಏಳಲಿಲ್ಲವಂತೆ. ಚಳಿಗಾಲ. ಅಲ್ಲೇ ಸತ್ತಳು, ಅಲ್ಲೇ ಮಣ್ಣು ಮಾಡಿದರು. ಮಕ್ಕಳು ಹಡಗು ಹತ್ತಿ ಹೋದರು, ಹೆಸರು ಹೇಳಲು ಒಬ್ಬರೂ ಇಲ್ಲ. ಅಲ್ಲಿ ಯಾರೂ ಕೂರದ ಕಾರಣ ಜಾಗ ಖಾಲಿಯಿರುತ್ತಿತ್ತು. ಖಾಲಿಯಿದ್ದ ಕಾರಣ ನಾವು ಮೇಜು ಹಾಕುತ್ತಿದ್ದೆವು.

ಹತ್ತೊಂಬತ್ತರ ಹುಡುಗಿಯಾಗಿದ್ದಾಗಿನಿಂದ ಅಲ್ಲಿ ನಿಂತು ಕೇಕು ಕತ್ತರಿಸಿದ್ದೇನೆ. ಆ ಮುದುಕಿಯ ಮೇಲೆ ನಿಂತು. ದೇವರೇ.

೩೦ ಆಗಸ್ಟ್

ಸೆಕೆ. ಸರೋವರದ ತನಕ ನಡೆದು ಬಂದೆ. ಡೆಲಿಯಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳೆಂದು ಕಾಣುತ್ತದೆ. "ನೆಟ್ಟಗೆ ಹೋಗೋದು ಬಿಟ್ಟು ಸುತ್ಕೊಂಡು ಸುತ್ಕೊಂಡು ಹೋಗ್ತೀರಲ್ಲ ಅಮ್ಮಾವ್ರೆ, ಏನು ಹರಕೆನಾ?" ಎಂದಳು. ಒಣಹುಲ್ಲು ಕಾಲ್ಚೀಲಕ್ಕೆ ಅಂಟುತ್ತದೆ, ನಡುವಿನ ಹಾದಿಯಲ್ಲಿ ಆ ಕಾಟವಿಲ್ಲ ಎಂದೆ. ನಿಜವೂ ಹೌದು.

"ನಿಮ್ಮದು ಯಾವುದು ಡೆಲಿಯಾ?" ಎಂದು ಕೇಳಿದೆ. ಯಾವುದೇನೆಂದು ಅವಳು ಕೇಳಲಿಲ್ಲ.

"ಬಲಗಡೆ, ಕೊನೇದು. ನಾನು ಒಂದ್ಸಲಾನೂ ಕೂತಿಲ್ಲ ಬಿಡಿ. ಹಬ್ಬದ ದಿನ ಕೇಕ್ ಬೇಯಿಸೋರು ಯಾರು?"

೧೨ ಸೆಪ್ಟೆಂಬರ್

ಇವತ್ತು ನನ್ನ ಮಾನ ನಾನೇ ಕಳೆದುಕೊಂಡೆ. ಹ್ಯಾಕೆಟ್ ಬಂದಿದ್ದ, ಮೈಲ್ಸ್ ಜೊತೆಗೆ. ಮನುಷ್ಯ ಕೆಟ್ಟವನಲ್ಲ, ಅವನಿಗೆ ನೆಲವೆಂದರೆ ಬೀಟ್, ಅಷ್ಟೇ. ಗಡಿಗೆ ಗೂಟ ಹೊಡೆಸಲು ಇಬ್ಬರು ಆಳುಗಳನ್ನು ಕರೆತಂದಿದ್ದ.

"ಅಡೀಲಿ ಕಲ್ಲಿವೆ ಮಿಸ್ ಪೆವೆರಿಲ್. ಮೊದ್ಲು ಅವನ್ನೆಲ್ಲ ಮೀಟಿ ತೆಗೆಸಿ ಆಚೆ ಹಾಕ್ತೀನಿ. ಇಲ್ಲಾಂದ್ರೆ ನೇಗಿಲು ಮುರಿಯುತ್ತೆ" ಎನ್ನುತ್ತ ಹುಲ್ಲಿನ ಮೇಲೆ ದಾಪುಗಾಲು ಹಾಕಿದ.

"ಅಯ್ಯೋ, ಗೆರಟಿಯವರ ಗೋಡೆ!"

ಕೂಗಿದ್ದು ನಾನು. ಮೆಟ್ಟಿಲ ಮೇಲೆ ನಿಂತು, ಮೀನು ಮಾರುವವಳ ಗಂಟಲಲ್ಲಿ. ಹ್ಯಾಕೆಟ್ ಒಂದು ಕಾಲು ಎತ್ತಿದವನು ಹಾಗೇ ನಿಂತುಬಿಟ್ಟ. ಸುತ್ತ ನೋಡಿದ. ಗೋಡೆ ಎಲ್ಲಿದೆ ಎಂದು ಪಾಪ ಅವನಿಗೆ ಹೇಗೆ ತಿಳಿಯಬೇಕು?

"ಅತ್ತೆಗೆ ಬಿಸಿಲು ತಾಗಿದೆ" ಎಂದ ಮೈಲ್ಸ್.

"ತಾಗಿಲ್ಲ. ಮಿಸ್ಟರ್ ಹ್ಯಾಕೆಟ್, ಕ್ಷಮಿಸಿ. ಇದು ನಾನು ಮಾರೋಕೆ ನಂದಲ್ಲ." ಅವರು ಗೂಟಗಳನ್ನು ವ್ಯಾನಿಗೆ ತುಂಬಿಕೊಂಡು ಹೊರಟರು. ಮೈಲ್ಸ್ ಊಟದ ಹೊತ್ತಿಗೆ ಗಂಟಲು ಹರಿಯುವಷ್ಟು ಕೂಗಾಡಿದ. ಹುಲ್ಲಿನ ಕಾಗದಪತ್ರ ನಮ್ಮ ಹೆಸರಲ್ಲಿದೆ ಅತ್ತೆ, ಯಾರೋ ಎಲ್ಲೋ ಕೂತರೆ ನೆಲ ಅವರದಾಗುತ್ತದಾ, ಚಳಿಗಾಲದಲ್ಲಿ ಸೂರು ನಿಮ್ಮ ತಲೆ ಮೇಲೇ ಬೀಳುತ್ತೆ, ಕಂದಾಯ ಯಾರು ಕಟ್ಟುತ್ತಾರೆ? ಎಲ್ಲವೂ ನ್ಯಾಯವಾದ ಮಾತು. ಸುಮ್ಮನೆ ಆಲೂಗಡ್ಡೆ ತಿಂದೆ.

೨೦ ಸೆಪ್ಟೆಂಬರ್

ಮೈಲ್ಸ್‌ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸೂರಿಲ್ಲದ ಮನೆಗೆ ಕಂದಾಯವಿಲ್ಲ. ಈ ಸುತ್ತಿನ ಅರ್ಧದಷ್ಟು ದೊಡ್ಡಮನೆಗಳು ಹಾಗೆಯೇ ಬೋಳಾಗಿ ನಿಂತಿವೆ. ಹಂಚು, ಸೀಸದ ತಗಡು, ತೊಲೆ ಮಾರಿದರೆ ಇಬ್ಬರು ಮುದುಕಿಯರ ಹೊಟ್ಟೆಗೆ ಸಾಕು. ಯೂನಾ ಅಂಗಡಿಯ ಮೇಲಿನ ಎರಡು ಕೋಣೆ ಖಾಲಿ ಇವೆ.

ಡೆಲಿಯಾಗೆ ಹೇಳಿದೆ. ಒಲೆಗೆ ಪೀಟ್ ಮಣ್ಣಿನ ಉರುವಲು ಹಾಕುತ್ತಿದ್ದವಳು ಕೂತುಬಿಟ್ಟಳು. "ಅಮ್ಮಾವ್ರೆ, ನಮ್ಮ ಕೈಯಾರೆ ನಮ್ಮ ಸೂರು ಕೀಳಿಸೋದಾ?" ನಮ್ಮ ಸೂರು ಎಂದಳು. ಐವತ್ತು ವರ್ಷ ಈ ಒಲೆ ಉರಿಸಿದವಳು ಅವಳೇ ತಾನೇ.

೩ ಅಕ್ಟೋಬರ್

ಸೂರು ಕೀಳಲು ಆಳು ಸಿಗುತ್ತಿಲ್ಲ! ಗುತ್ತಿಗೆದಾರ ತಲೆ ಕೆರೆದುಕೊಳ್ಳುತ್ತ ಬಂದ. ಊರಿನ ಅರ್ಧ ಗಂಡಸರಿಗೆ ಕೆಲಸವಿಲ್ಲ, ಹುಡುಗರು ಇಂಗ್ಲೆಂಡಿನ ಹಡಗು ಹತ್ತುತ್ತಿದ್ದಾರೆ. ಆದರೂ ಒಬ್ಬನೂ ಏಣಿ ಹತ್ತಲು ಒಪ್ಪಲಿಲ್ಲವಂತೆ.

ನಾನೇ ಫೆಸ್ಟಿ ಗೆರಟಿಯ ಬಡಗಿ ಕೊಟ್ಟಿಗೆಗೆ ಹೋದೆ. ನಿಜ ಹೇಳಬೇಕೆಂದರೆ, ಈ ಕೆಲಸ ಅವರ ಕೈಯಿಂದಲೇ ಆಗಬೇಕೆಂದು ಒಳಗೊಳಗೇ ಆಸೆಯಿತ್ತು. ಒಂದು ಲೆಕ್ಕ ಸರಿಹೋದೀತು ಎಂದು.

"ಫೆಸ್ಟಿ, ನಿಮ್ಮವರೇ ಬಂದು ತೆಗೀಬೇಕು. ನಂಗೆ ಗೊತ್ತಾಗಿದೆ, ಎಲ್ಲಾ. ನಿಮಗೂ ಒಂದು ಸಮಾಧಾನ."

ಅವನು ಉಜ್ಜುತ್ತಿದ್ದ ಹಲಗೆ ಕೆಳಗಿಟ್ಟ. ನನ್ನನ್ನು ನೋಡಿದ ರೀತಿಗೆ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಸಮಾಧಾನ? ಅಮ್ಮಾವ್ರೆ, ಯಾರ ತಲೆ ಮೇಲಿನ ಸೂರನ್ನೂ ಈ ಊರೋರು ಕೀಳಲ್ಲ. ಕೂಲಿ ಎಷ್ಟು ಕೊಟ್ರೂ ಕೀಳಲ್ಲ. ಅದು ನಮ್ಮ ಮೇಲೆ ಆಗಿರೋದು. ಅದನ್ನ ಇನ್ನೊಬ್ರ ಮೇಲೆ ಮಾಡ್ತೀವಾ?" ಮತ್ತೆ ಹಲಗೆ ಎತ್ತಿಕೊಂಡು, "ಮೇಜು, ಮಂಚ ಹೊರೋಕೆ ಬೇಕಾದ್ರೆ ಬರ್ತೀವಿ. ಅದಕ್ಕೆ ಕೂಲಿ ಬೇಡ" ಎಂದ.

ಶಿಕ್ಷೆ ಕೇಳಲು ಹೋದೆ. ಅದನ್ನೂ ಕೊಡಲಿಲ್ಲ. ಬೀದಿಯುದ್ದಕ್ಕೂ ಅಳುತ್ತ ಬಂದೆ, ಪೆವೆರಿಲ್‌ಗಳು ಬೀದಿಯಲ್ಲಿ ಅತ್ತಿದ್ದು ಇದೇ ಮೊದಲಿರಬೇಕು.

೧೭ ಅಕ್ಟೋಬರ್, ಶನಿವಾರ. ಯೂನಾ ಅಂಗಡಿಯ ಮೇಲಿನ ಕೋಣೆಯಲ್ಲಿ.

ವಾರದಿಂದ ಮಳೆ. ಹುಲ್ಲುಹಾಸು ಹಸಿರಾಗಿದೆ, ಒಂದು ಗೆರೆಯೂ ಉಳಿದಿಲ್ಲ. ಏನೂ ಇರಲೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬಹುದು.

ಹ್ಯಾಕೆಟ್‌ನ ಜಿಲ್ಲೆಯಿಂದ ಲಾರಿಯಲ್ಲಿ ಆಳುಗಳು ಬಂದರು. ನಮ್ಮ ಸಾಮಾನೆಲ್ಲ ಬೆಳಿಗ್ಗೆಯೇ ಊರಿನವರ ತಲೆ ಮೇಲೆ ಹೊರಟುಹೋಗಿತ್ತು. ನಾನು ಬಾಗಿಲ ಮುಂದಿನ ಜಲ್ಲಿಯ ಮೇಲೆ ನಿಂತಿದ್ದೆ. ಮೊದಲ ಹಂಚು ಜಾರಿ ಬಿದ್ದು ಒಡೆಯಿತು. ಆಮೇಲೆ ಒಂದರ ಮೇಲೊಂದು. ನನ್ನ ಕೋಣೆಯ ಮೇಲಿನ ಸೂರು ಹೋಗಿ ಗೋಡೆಯ ನೀಲಿ ಕಾಗದ ಆಕಾಶಕ್ಕೆ ಕಂಡಾಗ ಕಣ್ಣು ಮುಚ್ಚಿಕೊಂಡೆ. ಆ ಮುದುಕಿ ಏಳದೆ ಕೂತದ್ದು ಯಾಕೆಂದು ಆಗ ತಿಳಿಯಿತು. ಸಿಟ್ಟಿಗಲ್ಲ, ಹಟಕ್ಕಲ್ಲ. ಕಾಲು ಬರುವುದಿಲ್ಲ, ಅಷ್ಟೇ.

ತಿರುಗಿ ನೋಡಿದೆ. ಊರಿನವರು ಹೋಗಿರಲಿಲ್ಲ. ಮಳೆಯಲ್ಲಿ, ಹಸಿರು ಬಯಲಿನ ಮೇಲೆ, ಚದುರಿ ನಿಂತಿದ್ದರು. ಚದುರಿ ಅಲ್ಲ. ಫೆಸ್ಟಿ ಎಡಗಡೆಯ ಮೂರನೆಯದರಲ್ಲಿ, ಮನೆಮಂದಿಯೊಂದಿಗೆ. ಡೆಲಿಯಾ ಬಲಗಡೆಯ ಕೊನೆಯದರಲ್ಲಿ, ಒಬ್ಬಳೇ, ಮೊದಲ ಸಲ. ನಡುವಿನದು ಖಾಲಿ. ಒಂದು ಗೆರೆಯೂ ಕಾಣದ ಹುಲ್ಲಿನ ಮೇಲೆ ಒಬ್ಬರೂ ಜಾಗ ತಪ್ಪಿರಲಿಲ್ಲ. ಗಂಡಸರು ಟೋಪಿ ತೆಗೆದು ಹಿಡಿದುಕೊಂಡಿದ್ದರು, ಎಲ್ಲರೂ ನೆನೆಯುತ್ತಿದ್ದರು.

ನನಗೆ ಎಲ್ಲಿ ಹೋಗಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಯೂನಾ ತನ್ನ ಜಾಗದಿಂದ ಕೂಗಿದಳು. ತಲೆಯಿಂದ ನೀರು ಇಳಿಯುತ್ತಿತ್ತು ಅವಳಿಗೆ. ಆ ಬಟ್ಟಬಯಲಿನಲ್ಲಿ ನಿಂತು, ಅಂಗಡಿಯ ಒಳಗಿನಿಂದ ಕರೆಯುವವಳ ಹಾಗೆ ಗದರಿದಳು:

"ಅಲ್ಲೇನು ಮಳೇಲಿ ನಿಂತಿದೀಯ ಲೆಟ್ಟಿ? ನೆಂದು ಸಾಯ್ತೀಯ. ಒಳಗೆ ಬಾ!"

ಹೋದೆ. ಬೂಟು ಒರೆಸಿಕೊಂಡೆ. ಅವಳು ಕೊಂಚ ಸರಿದು ಜಾಗ ಮಾಡಿದಳು.